ಮೀನಿನ ಹೊಂಡಕ್ಕೆ ಔಷಧಿ ಬೆರೆಸುವ ಮುನ್ನ

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ತುರ್ವಿಹಾಳ ಭಾಗದ ಎರೆಭೂಮಿಯಲ್ಲಿ ಭತ್ತ ಬೆಳೆಯಿತು. ಜೊತೆಗೆ ಸವಳು-ಜವಳೂ ಬೆಳೆಯಿತು. ಪೈರು ಏಳದ ತಗ್ಗಿನ ಹೊಲಗಳನ್ನು ಅಗೆದು ಮೀನಿನ ಹೊಂಡ ಮಾಡಿಕೊಂಡ ರೈತ ಬಾಂಧವರಿದ್ದಾರೆ. ಕಾಟ್ಲಾ, ರೋಹುಗಳಲ್ಲದೆ ಬೇಗ ತೂಕಕ್ಕೆ ಬರುವ ಪಂಗಾಸಿಯಸ್ ಎಂಬ ಮೀಸೆಮೀನನ್ನೂ ಸಾಕುವುದುಂಟು. (ಆಫ್ರಿಕನ್ ಕ್ಯಾಟ್‌ಫಿಶ್ ಮಾತು ಬೇರೆ, ಅದರ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ.)

ಪಂಗಾಸಿಯಸ್ ಮೇಲಕ್ಕೆ ಬಂದು ಗಾಳಿ ನುಂಗಿ ಉಸಿರಾಡಬಲ್ಲದು. ಸಾಕುವವರು ಮೋಸಹೋಗುವುದು ಇಲ್ಲಿಯೇ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಕಾಟ್ಲಾ ಬೆಳಗಿನ ಜಾವ ಬಾಯಿ ತೆರೆದು ತೇಲಿ ತಿಳಿಸುತ್ತದೆ, ಇದು ತಿಳಿಸುವುದಿಲ್ಲ. ಉಳಿದ ಆಹಾರ ಕೊಳೆತು ಅಮೋನಿಯ ಹೆಚ್ಚಿ ಮೀನು ಬಳಲಿದಾಗ, ನೀರಿನಲ್ಲಿ ಸದಾ ಇರುವ ಏರೋಮೊನಾಸ್ ದುಂಡಾಣು ರೋಗ ತರುತ್ತದೆ. ಮೈಮೇಲೆ ಕೆಂಪು ಕಲೆ, ಉಬ್ಬಿದ ಹೊಟ್ಟೆ ಅದರ ಚಿಹ್ನೆಗಳು. ಎಡ್ವರ್ಡ್‌ಸಿಯೆಲ್ಲಾ ತಗುಲಿದರೆ ಹೊರಗುರುತು ಕಡಿಮೆ. ಹೊಟ್ಟೆ ಸೀಳಿದರೆ ಮೂತ್ರಪಿಂಡ, ಯಕೃತ್ತುಗಳಲ್ಲಿ ಬಿಳಿ ಚುಕ್ಕೆ ಕಾಣುತ್ತವೆ.

ಆಗ ಆಕ್ಸಿಟೆಟ್ರಾಸೈಕ್ಲಿನ್ ತಂದು ಆಹಾರಕ್ಕೆ ಬೆರೆಸುವವರು ಒಂದು ಮಾತು ಯೋಚಿಸಬೇಕು. ರೋಗ ಬಲಿತ ಮೀನು ಆಹಾರ ಮುಟ್ಟುವುದಿಲ್ಲ. ಔಷಧಿ ತಿನ್ನುವುದು ಹುಷಾರಾಗಿರುವ ಮೀನು, ಮಿಕ್ಕದ್ದು ಕೆಸರಿಗೆ. ಅಲ್ಲಿ ಅರೆಬರೆ ಪ್ರಮಾಣಕ್ಕೆ ದುರ್ಬಲ ದುಂಡಾಣುಗಳು ಸಾಯುತ್ತವೆ, ತಾಳಿಕೊಂಡವು ಹೆಚ್ಚುತ್ತವೆ. ಒಂದೇ ಕೀಟನಾಶಕ ಹೊಡೆದೂ ಹೊಡೆದೂ ಭತ್ತದ ಕಂದು ಜಿಗಿಹುಳು ಜಗ್ಗದಾಗುವುದೂ ಹೀಗೆಯೇ. ಆದರೆ ದುಂಡಾಣುಗಳು ಈ ನಿರೋಧ ಗುಣವನ್ನು ಮನುಷ್ಯರಿಗೆ ರೋಗ ತರುವ ದುಂಡಾಣುಗಳಿಗೂ ದಾಟಿಸಬಲ್ಲವು. ಹೊಂಡದ ನೀರು ಬಸಿಗಾಲುವೆ ಹಿಡಿದು ಹಳ್ಳ ಸೇರುತ್ತದೆ. ಪಂಗಾಸಿಯಸ್ ಸಾಕಣೆಗೆ ಹೆಸರಾದ ವಿಯೆಟ್ನಾಂನಲ್ಲಿ 2002–2005ರ ಅವಧಿಯ ಎಡ್ವರ್ಡ್‌ಸಿಯೆಲ್ಲಾ ಮಾದರಿಗಳಲ್ಲಿ ಬಹುಪಾಲು ಆಕ್ಸಿಟೆಟ್ರಾಸೈಕ್ಲಿನ್‌ಗೆ ಬಗ್ಗಲಿಲ್ಲ.

ರೋಗ ಕಂಡ ದಿನವೇ ಆಹಾರ ನಿಲ್ಲಿಸಿರಿ. ಸತ್ತ ಮೀನನ್ನು ದೂರ ಒಯ್ದು ಸುಣ್ಣ ಹಾಕಿ ಹೂಳಿರಿ. ಪರೀಕ್ಷೆಗೆ ಇನ್ನೂ ಜೀವವಿರುವ ರೋಗದ ಮೀನನ್ನೇ ಮೀನುಗಾರಿಕೆ ಇಲಾಖೆಗೆ ಒಯ್ಯಬೇಕು. ಕೊಳೆತ ಮೀನಿನಲ್ಲಿ ಬೇರೆ ದುಂಡಾಣುಗಳು ಸೇರಿರುತ್ತವೆ. ಹೊಂಡಕ್ಕೆ ಕಣ್ಣಂದಾಜಿನಲ್ಲಿ ಸುಣ್ಣ ಎರಚಬೇಡಿರಿ. ನಮ್ಮ ಎರೆಮಣ್ಣು ಮೊದಲೇ ಕ್ಷಾರ. ಕ್ಷಾರ ಏರಿದಷ್ಟೂ ಅಮೋನಿಯದ ವಿಷ ಏರುತ್ತದೆ. ತಜ್ಞರು ಔಷಧಿ ಬರೆದುಕೊಟ್ಟರೆ ಪೂರ್ತಿ ಅವಧಿ ಕೊಟ್ಟು, ಅವರು ಹೇಳಿದಷ್ಟು ದಿನ ಕಳೆದ ಮೇಲೆಯೇ ಮೀನು ಮಾರಬೇಕು. ಕ್ಲೋರಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನಂತೂ ಮುಟ್ಟಲೇಬಾರದು; ಅವು ನಿಷೇಧಿತ.

ಬೇಸಿಗೆಯಲ್ಲಿ ಕಾಲುವೆ ಬಂದಾದರೆ ನೀರು ಬದಲಿಸುವ ದಾರಿಯೂ ಮುಚ್ಚುತ್ತದೆ. ಆದ್ದರಿಂದ ನೀರು ನಿಲ್ಲುವ ದಿನಾಂಕ ಗೊತ್ತಾದ ಕೂಡಲೇ ದೊಡ್ಡ ಮೀನುಗಳನ್ನು ಹಿಡಿದು ಮಾರಿ, ಹೊಂಡದ ದಟ್ಟಣೆ ಇಳಿಸಿರಿ.