ಮುದ್ರೆಯೂ ಕಾವಲೂ: ಸಂಗ್ರಹಜಾಲದ ಸ್ವಿಚ್ಚುಗಳನ್ನು ಕುರಿತು ಒಂದು ವಿವೇಚನೆ

ಹಾಸನ ಜಿಲ್ಲೆಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವು ಮುಖ್ಯವಾದ ಆಧಾರವಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿ ತಾಲ್ಲೂಕಿಗನುಸಾರವಾಗಿ ಜೋಡಿಸಲ್ಪಟ್ಟಿವೆ. ಅವುಗಳಲ್ಲಿ ಅನೇಕವು ಭೂಮಿಯ ದಾನವನ್ನೂ ಎಲ್ಲೆಯನ್ನೂ ಹೇಳುವಂಥವು. ಇದೇ ತಾಲ್ಲೂಕುಗಳ ರೈತರ ಪಹಣಿಗಳು ಇಂದು ಗಣಕಯಂತ್ರದ ಸಂಗ್ರಹದಲ್ಲಿವೆ. 2000ದ ಆಸುಪಾಸಿನಲ್ಲಿ ನಡೆದ 'ಭೂಮಿ' ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ಗಣಕಕ್ಕೆ ಏರಿಸಿತು. ಆದುದರಿಂದ ಈ ಹೊಸ ದಾಖಲೆಗಳ ಪ್ರಾಮಾಣ್ಯವು ಯಾವುದರ ಮೇಲೆ ನಿಂತಿದೆ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳೂ ಅರಿಯಬೇಕೆಂದು ನಾವು ಭಾವಿಸುತ್ತೇವೆ.

ತಾಮ್ರಶಾಸನದ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಲ್ಲಿ ಬೆಸೆಯುತ್ತಿದ್ದರಷ್ಟೆ. ಗಂಗರ ಮುದ್ರೆಯಲ್ಲಿ ಆನೆಯ ಚಿಹ್ನೆಯಿರುತ್ತಿತ್ತು. ಬಳೆಯನ್ನು ಕತ್ತರಿಸದೆ ಹಲಗೆಯನ್ನು ಬದಲಿಸುವಂತಿರಲಿಲ್ಲ. ಹಾಗಿದ್ದರೂ ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟವೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ಮುದ್ರೆಯನ್ನು ನೋಡಿದ ಮಾತ್ರಕ್ಕೆ ನಂಬಬಾರದು, ಅದನ್ನು ಒತ್ತಿದವರಾರೆಂದು ವಿಚಾರಿಸಬೇಕು ಎಂಬುದೇ ಆ ವಾದದಿಂದ ನಾವು ಕಲಿತ ಪಾಠ.

ಈಗ ಪ್ರಕೃತಕ್ಕೆ ಬರೋಣ. ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಲೆಕ್ಕ ಮಾಡುವ ಯಂತ್ರಗಳು ಬೇರೆ, ದಾಖಲೆಗಳನ್ನು ಇಟ್ಟುಕೊಳ್ಳುವ ಡಿಸ್ಕುಗಳ ಭಂಡಾರ ಬೇರೆ. ಇವೆರಡನ್ನೂ ಜೋಡಿಸುವ ಜಾಲಕ್ಕೆ ಸಂಗ್ರಹಜಾಲವೆಂದು ಹೆಸರು. ಆ ಜಾಲದ ಕೂಡುದಾರಿಯಲ್ಲಿರುವ ಉಪಕರಣವೇ ಸ್ವಿಚ್ಚು. ಯಾವ ಯಂತ್ರವು ಯಾವ ಭಂಡಾರವನ್ನು ಮುಟ್ಟಬಹುದೆಂಬ ಕಟ್ಟುಪಾಡು ಅದರಲ್ಲಿರುತ್ತದೆ. ಸ್ವಿಚ್ಚಿನ ಆಡಳಿತ ಅನ್ಯರ ವಶವಾದರೆ ಭಂಡಾರದ ಬಾಗಿಲೇ ಅವರ ವಶವಾದಂತೆ.

ಆಡಳಿತಗಾರನು ತನ್ನ ಮೇಜಿನಿಂದಲೇ ಜಾಲದ ಮೂಲಕ ಸ್ವಿಚ್ಚಿಗೆ ಆಜ್ಞೆಗಳನ್ನು ಕಳುಹಿಸುತ್ತಾನೆ. ತಾನು ಮಾತಾಡುತ್ತಿರುವುದು ನಿಜವಾದ ಸ್ವಿಚ್ಚಿನೊಡನೆಯೇ ಎಂದು ತಿಳಿಯುವ ಸಾಧನವು ಭದ್ರತಾ ಪ್ರಮಾಣಪತ್ರ. ಇದನ್ನು ಅಳವಡಿಸುವ ಕ್ರಮ ಹೀಗಿದೆ. ಮೊದಲು ಸ್ವಿಚ್ಚಿಗೆ ನಿಶ್ಚಿತವಾದ ಹೆಸರನ್ನೂ ಸರಿಯಾದ ಕಾಲವನ್ನೂ ಕೊಡಬೇಕು. ಗಡಿಯಾರ ತಪ್ಪಿದರೆ ಪತ್ರದ ಅವಧಿಯ ಲೆಕ್ಕವೂ ತಪ್ಪುತ್ತದೆ. ಅನಂತರ ಸ್ವಿಚ್ಚಿನೊಳಗೇ ಒಂದು ಜೊತೆ ಕೀಲಿಗಳನ್ನು ಉತ್ಪಾದಿಸಬೇಕು. ಅವುಗಳಲ್ಲಿ ಗುಪ್ತವಾದುದು ಹೊರಗೆ ಹೋಗಕೂಡದು. ಬಹಿರಂಗವಾದುದನ್ನು ಹೆಸರಿನೊಡನೆ ಮನವಿಯ ರೂಪದಲ್ಲಿ ಪ್ರಮಾಣಕರ್ತ ಸಂಸ್ಥೆಗೆ ಕಳುಹಿಸಬೇಕು. ಆ ಸಂಸ್ಥೆ ಪರಿಶೀಲಿಸಿ ತನ್ನ ಸಹಿಯನ್ನು ಹಾಕಿದ ಪತ್ರವನ್ನು ಸ್ವಿಚ್ಚಿನಲ್ಲಿ ಸ್ಥಾಪಿಸಬೇಕು. ಕಡೆಯದಾಗಿ, ಗೂಢಲಿಪಿಯಿಲ್ಲದೆ ಮಾತಾಡುವ ಟೆಲ್ನೆಟ್ ಮುಂತಾದ ಹಳೆಯ ದಾರಿಗಳನ್ನು ಮುಚ್ಚಬೇಕು. ಸ್ವಿಚ್ಚು ತನಗೆ ತಾನೇ ಸಹಿ ಹಾಕಿಕೊಂಡ ಪತ್ರವೂ ಉಂಟು. ಅದು ಮಾತನ್ನು ಗುಟ್ಟಾಗಿಡಬಲ್ಲುದೇ ಹೊರತು, ಮೊದಲ ಬಾರಿ ಭೇಟಿಯಾದವನಿಗೆ ತನ್ನ ಗುರುತನ್ನು ಸ್ಥಾಪಿಸಲಾರದು. ಫ್ಲೀಟ್ ಅವರ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ.

ಮುದ್ರೆಯೊಂದೇ ಸಾಲದು, ಕಾವಲೂ ಬೇಕು. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಸ್ರೋ ಸಂಸ್ಥೆಯು 1982ರಲ್ಲಿ ಇಲ್ಲಿ ಸ್ಥಾಪಿಸಿದ ಪ್ರಧಾನ ನಿಯಂತ್ರಣ ಕೇಂದ್ರವು ಭೂಸ್ಥಿರ ಉಪಗ್ರಹಗಳನ್ನು ಹಗಲಿರುಳೂ ಗಮನಿಸುತ್ತ ಬಂದಿದೆ. ದೂರದ ಯಂತ್ರದ ಸ್ಥಿತಿಯನ್ನು ಅದು ಕಳುಹಿಸುವ ಅಂಕಿಗಳಿಂದಲೇ ತಿಳಿಯುವುದು ಎರಡೆಡೆಯಲ್ಲಿಯೂ ಒಂದೇ. ಸ್ವಿಚ್ಚಿನಲ್ಲಿ ಗಮನಿಸಬೇಕಾದವು ಉಷ್ಣತೆ, ಬೆಳಕಿನ ತಂತುಗಳ ಬಲ, ಪ್ರತಿ ದ್ವಾರದ ದೋಷಗಳ ಎಣಿಕೆ, ವಿಫಲವಾದ ಪ್ರವೇಶಯತ್ನಗಳು, ಕಟ್ಟುಪಾಡಿನ ಬದಲಾವಣೆಗಳು, ಹಾಗೂ ಪ್ರಮಾಣಪತ್ರದ ಅವಧಿ ಮುಗಿಯುವ ದಿನ. ಈ ಕೊನೆಯದನ್ನು ಮರೆಯುವುದು ಸುಲಭ. ಮರೆತರೆ ಆಡಳಿತಗಾರನು ಎಚ್ಚರಿಕೆಗಳನ್ನು ಕಡೆಗಣಿಸುವುದನ್ನೇ ರೂಢಿಮಾಡಿಕೊಳ್ಳುತ್ತಾನೆ.

ಈ ಘಟನೆಗಳ ದಿನಚರಿಯನ್ನು ಸ್ವಿಚ್ಚಿನಲ್ಲಿಯೇ ಬಿಡದೆ ಬೇರೊಂದು ಯಂತ್ರಕ್ಕೆ ಕೂಡಲೇ ಕಳುಹಿಸುವುದು ಅವಶ್ಯಕ. ಒಳಹೊಕ್ಕವನು ಮೊದಲು ಅಳಿಸುವುದು ತನ್ನ ಹೆಜ್ಜೆಯನ್ನು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನದ ಪ್ರತಿಯೊಂದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇರುವುದರಿಂದ ಒಂದನ್ನು ಮತ್ತೊಂದರೊಡನೆ ಹೋಲಿಸಿ ನೋಡಬಹುದಾಗಿದೆ. ದಿನಚರಿಯ ಎರಡನೆಯ ಪ್ರತಿಯ ಪ್ರಯೋಜನವೂ ಅಂಥದೇ.

ಇಷ್ಟಾದರೂ ಪ್ರಮಾಣಪತ್ರದ ಮಿತಿಯನ್ನು ಮರೆಯಲಾಗದು. ಅದು ಸ್ವಿಚ್ಚಿನ ಗುರುತಿಗೆ ಸಾಕ್ಷಿಯೇ ಹೊರತು ಪಹಣಿಯಲ್ಲಿ ಬರೆದುದರ ಸತ್ಯಕ್ಕೆ ಸಾಕ್ಷಿಯಲ್ಲ. ಅಧಿಕಾರವುಳ್ಳವನೇ ತಪ್ಪು ಬರೆದರೆ ಯಾವ ಮುದ್ರೆಯೂ ತಡೆಯದು. ಆದರೆ ಯಾರು, ಎಂದು, ಏನನ್ನು ಬದಲಿಸಿದರೆಂಬುದು ಅಳಿಯದೆ ಉಳಿದಿದ್ದರೆ, ಅರಕಲಗೂಡಿನ ರೈತನೊಬ್ಬನು ನಾಳೆ ತನ್ನ ಹೊಲದ ಎಲ್ಲೆಯನ್ನು ಪ್ರಶ್ನಿಸಿದಾಗ ಉತ್ತರ ಕೊಡುವುದು ಸಾಧ್ಯವಾದೀತು. ಮುಂದಿನ ಚರಿತ್ರಕಾರನಿಗೂ ಅದೇ ಆಧಾರ. ಕಲ್ಲು ತಾನಾಗಿ ಉಳಿಯಿತು. ಗಣಕದ ದಾಖಲೆಯನ್ನು ಮಾತ್ರ ಪ್ರತಿದಿನವೂ ಕಾಯ್ದು ಉಳಿಸಬೇಕಾಗಿದೆ.