ವಸಿಯ್ಯತ್: ಬಾಯಿಮಾತು ಸಾಲದು

"ಹಿತ್ತಿಲ ಜಾಗ ಮೊಮ್ಮಕ್ಕಳಿಗೇ ಮಗಳೇ, ಚಿಂತೆ ಮಾಡಬೇಡ" ಎಂದು ಮಾವ ಹಲವು ಸಲ ಹೇಳಿದ್ದರು. ಎಳೆಯ ಮಕ್ಕಳೊಂದಿಗೆ ವಿಧವೆಯಾಗಿದ್ದ ಆ ಸಹೋದರಿ ಅದನ್ನೇ ನಂಬಿದ್ದರು. ಮಾವ ತೀರಿಹೋದ ಮೇಲೆ ಮೈದುನಂದಿರು, "ಅಬ್ಬ ಹಾಗೆ ಹೇಳಿದ್ದನ್ನು ನಾವು ಕೇಳಿಲ್ಲ" ಎಂದುಬಿಟ್ಟರು. ಕಾಗದವೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ.

ತಂದೆಗಿಂತ ಮೊದಲೇ ಮಗ ತೀರಿಕೊಂಡು, ಬೇರೆ ಗಂಡು ಮಕ್ಕಳಿದ್ದರೆ ಆ ಅನಾಥ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸು ಪಾಲು ಬರುವುದಿಲ್ಲ. ಆದರೆ ಶರೀಅತ್ ಅವರಿಗಾಗಿ ಒಂದು ಬಾಗಿಲನ್ನು ತೆರೆದಿಟ್ಟಿದೆ. ಅದೇ ವಸಿಯ್ಯತ್. ಅಂತ್ಯಸಂಸ್ಕಾರದ ಖರ್ಚು ಮತ್ತು ಸಾಲ ಕಳೆದು ಉಳಿದುದರಲ್ಲಿ ಮೂರನೇ ಒಂದು ಭಾಗದವರೆಗೆ ವಾರಸುದಾರರಲ್ಲದವರಿಗೆ ಬರೆದಿಡಬಹುದು. ಅದನ್ನು ಮೀರಿದರೆ ಅಥವಾ ವಾರಸುದಾರರಲ್ಲೇ ಒಬ್ಬರಿಗೆ ಬರೆದರೆ, ಸುನ್ನೀ ಕಾನೂನಿನಂತೆ ಉಳಿದ ವಾರಸುದಾರರ ಒಪ್ಪಿಗೆ ಬೇಕು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಉಯಿಲಿಗೆ ಇಬ್ಬರು ಸಾಕ್ಷಿಗಳನ್ನು ಕಡ್ಡಾಯ ಮಾಡಿದೆ. ನಮ್ಮ ರಾಜ್ಯದಲ್ಲಿ ಮುಸ್ಲಿಮರ ವಸಿಯ್ಯತ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಬಾಯಿಮಾತಿನ ವಸಿಯ್ಯತ್ ಕೂಡ ಸಿಂಧು. (1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರ ವಿಷಯ ಬೇರೆ, ಅವರು ವಕೀಲರನ್ನು ಕೇಳಬೇಕು.) ಹಾಗಾದರೆ ಸಾಕ್ಷಿ ಏಕೆ? ತಕರಾರು ಬಂದಾಗ ಉತ್ತರಿಸಲು ಹೇಳಿದವರೇ ಇರುವುದಿಲ್ಲವಲ್ಲ! ಪವಿತ್ರ ಕುರ್‌ಆನ್‌ನ ಅಲ್‌ಮಾಇದಾ ಅಧ್ಯಾಯದ 106ನೇ ಸೂಕ್ತವೂ ವಸಿಯ್ಯತ್‌ನ ವೇಳೆ ನ್ಯಾಯನಿಷ್ಠರಾದ ಇಬ್ಬರು ಸಾಕ್ಷಿಗಳಿರಲಿ ಎನ್ನುತ್ತದೆ.

ಬರೆಯುವ ಕ್ರಮ ಕಷ್ಟವೇನಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಹೆಸರು, ವಿಳಾಸ, ತಾರೀಕು, ಜಾಗದ ಸರ್ವೆ ನಂಬರು, ಯಾರಿಗೆ ಎಷ್ಟು ಎಂಬುದು ಸ್ಪಷ್ಟವಾಗಿರಲಿ. ಇಬ್ಬರು ವಯಸ್ಕ ಸಾಕ್ಷಿಗಳ ಎದುರಿಗೇ ಪ್ರತಿ ಪುಟಕ್ಕೂ ಸಹಿ ಹಾಕಿ, ನಂತರ ಅವರೂ ನಿಮ್ಮೆದುರು ಸಹಿ ಮಾಡಲಿ. ಓದು ಬಾರದವರಿಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗುವುದು ಬೇಡ. ನಿಮಗಿಂತ ಕಿರಿಯರಾಗಿದ್ದರೆ ಒಳ್ಳೆಯದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಬಲ ಹೆಚ್ಚು. ಮನಸ್ಸು ಬದಲಾದರೆ ಬದುಕಿರುವವರೆಗೂ ತಿದ್ದಬಹುದು, ರದ್ದುಪಡಿಸಬಹುದು.

ಸಹೋದರಿಯರೇ, ಇದು ಗಂಡಸರಿಗೆ ಮಾತ್ರ ಸೇರಿದ್ದಲ್ಲ. ನಿಮ್ಮ ಮಹ್ರ್, ನಿಮ್ಮ ಚಿನ್ನ ನಿಮ್ಮದೇ ಆಸ್ತಿ; ಅದರ ಬಗ್ಗೆ ವಸಿಯ್ಯತ್ ಬರೆಯುವ ಹಕ್ಕು ನಿಮಗಿದೆ. ಮನೆಯಲ್ಲಿ ಅನಾಥ ಮೊಮ್ಮಕ್ಕಳಿದ್ದರೆ ಹಿರಿಯರೊಡನೆ ಇಂದೇ ಈ ಮಾತು ತೆಗೆಯಿರಿ. ಆ ಮಾವನ ಪ್ರೀತಿ ಸುಳ್ಳಾಗಿರಲಿಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿರಲಿಲ್ಲ, ಅಷ್ಟೇ.