ನೀರಿಗಿಳಿಯುವ ಮೊದಲೇ ಒಂದು ಈಜು

2008ರ ಆಗಸ್ಟ್. ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್. ಮೈಕಲ್ ಫೆಲ್ಪ್ಸ್ ಧುಮುಕಿದ್ದೇ ತಡ, ಗಾಗಲ್ಸ್‌ನೊಳಗೆ ನೀರು ನುಗ್ಗತೊಡಗಿತು. ಕೊನೆಯ ಲ್ಯಾಪ್ ಹೊತ್ತಿಗೆ ಎದುರಿನ ಗೋಡೆಯೂ ಕಾಣದಾಯಿತು. ಫೆಲ್ಪ್ಸ್ ಗಾಬರಿಯಾಗಲಿಲ್ಲ, ಸ್ಟ್ರೋಕ್ ಎಣಿಸುತ್ತ ಈಜಿದರು. ಗೋಡೆ ಮುಟ್ಟಿದಾಗ 1 ನಿಮಿಷ 52.03 ಸೆಕೆಂಡು: ವಿಶ್ವದಾಖಲೆಯೊಂದಿಗೆ ಚಿನ್ನ.

ಆ ನೆಮ್ಮದಿ ಬಾಲ್ಯದ ಸಂಪಾದನೆ. ಬಾಲ್ಟಿಮೋರ್‌ನಲ್ಲಿ ಹನ್ನೊಂದರ ವಯಸ್ಸಿಗೆ ಅವರು ಕೋಚ್ ಬಾಬ್ ಬೌಮನ್ ಗರಡಿಗೆ ಬಂದರು. ಮೈ ಸಡಿಲಿಸಿ ಮಲಗುವುದು, ಆಮೇಲೆ ಇಡೀ ರೇಸನ್ನು ಮನಸ್ಸಿನಲ್ಲೇ ಈಜುವುದು ಅಲ್ಲಿ ರೂಢಿಯಾಯಿತು. ಎಲ್ಲ ಸುಸೂತ್ರವಾದ ರೇಸಷ್ಟೇ ಅಲ್ಲ, ಎಡವಟ್ಟಾದ ರೇಸನ್ನೂ ಅವರು ಹೀಗೆ ಈಜಿ ನೋಡುತ್ತಿದ್ದರು.

ಇದು ಚಾಂಪಿಯನ್ನರಿಗಷ್ಟೇ ಮೀಸಲಾದ ವಿದ್ಯೆಯಲ್ಲ. ಬ್ಯಾಕ್‌ಸ್ಟ್ರೋಕ್ ಕಲಿಯುವ ಮಗುವನ್ನೇ ನೋಡಿ. ತಲೆ ಎಲ್ಲಿ ಗೋಡೆಗೆ ಬಡಿಯುತ್ತದೋ ಎಂಬ ಅಳುಕಿಗೆ ಅದು ಕತ್ತು ಎತ್ತಿ ಹಿಂದೆ ಇಣುಕುತ್ತದೆ. ಕತ್ತು ಎತ್ತಿದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಗೋಡೆಗೆ 5 ಮೀಟರ್ ಮುಂಚೆ ಕೊಳದ ಮೇಲೆ ಸಾಲು ಬಾವುಟ ಕಟ್ಟಿರುವುದು ಇದಕ್ಕಾಗಿಯೇ. ಬಾವುಟ ದಾಟಿದ ಮೇಲೆ ತನಗೆ ಎಷ್ಟು ಸ್ಟ್ರೋಕ್ ಬೇಕೆಂದು ಮಗು ಮೊದಲು ನೀರಿನಲ್ಲಿ ಎಣಿಸಲಿ. ಆಮೇಲೆ ದಡದಲ್ಲಿ ಕೂತು ಕಣ್ಣು ಮುಚ್ಚಲಿ: ತಲೆಯ ಮೇಲೆ ಬಾವುಟ ಸರಿಯಿತು, ಒಂದು, ಎರಡು, ಮೂರು, ಹೊರಳು, ಗೋಡೆಗೆ ಪಾದ, ಒದೆ. ಕಿವಿಯಲ್ಲಿ ನೀರಿನ ಸದ್ದು, ಅಂಗೈಗೆ ನೀರಿನ ಒತ್ತಡ ಎಲ್ಲವೂ ಆ ಕಲ್ಪನೆಯಲ್ಲಿರಬೇಕು.

ಚಲನೆಯನ್ನು ಹೀಗೆ ಕಲ್ಪಿಸಿಕೊಂಡಾಗ, ನಿಜವಾಗಿ ಕೈಕಾಲು ಆಡಿಸಲು ಸಿದ್ಧವಾಗುವ ಮೆದುಳಿನ ಭಾಗಗಳಲ್ಲಿ ಹಲವು ಎಚ್ಚರಗೊಳ್ಳುತ್ತವೆ. ಆದರೆ ತಪ್ಪು ಚಿತ್ರ ಕೂತರೆ ತಪ್ಪೇ ಗಟ್ಟಿಯಾಗುತ್ತದೆ. ಆದ್ದರಿಂದ ಮಗು ಒಂದು ಲ್ಯಾಪ್ ಚೆನ್ನಾಗಿ ಈಜಿದ ಕೂಡಲೇ, ಮೈಯಲ್ಲಿ ಆ ನೆನಪು ಹಸಿಯಾಗಿರುವಾಗಲೇ ಕಣ್ಣು ಮುಚ್ಚಿಸುವುದು ಒಳ್ಳೆಯದು. ಚಿತ್ರ ಸರಿಯಿದೆಯೇ ಎಂದು ತಿಳಿಯಲು ಕೈಗೆ ಸ್ಟಾಪ್‌ವಾಚ್ ಕೊಡಿ. ಮನಸ್ಸಿನ ಲ್ಯಾಪ್ ನೀರಿನ ಲ್ಯಾಪಿಗಿಂತ ತೀರಾ ಬೇಗ ಮುಗಿದರೆ ಮಗು ಎಲ್ಲೋ ಟರ್ನನ್ನೋ ಉಸಿರನ್ನೋ ಹಾರಿಸಿದೆ ಎಂದರ್ಥ.

ಇದು ನೀರಿನ ಅಭ್ಯಾಸಕ್ಕೆ ಬದಲಿಯಲ್ಲ, ಅದರ ಜೊತೆಗಾರ. ಇದಕ್ಕೆ ದಿನಕ್ಕೆ ಎರಡು ಮೂರು ನಿಮಿಷ ಸಾಕು. ಬೆಳಗಿನ ಐದೂವರೆಗೆ ಮಕ್ಕಳನ್ನು ಕೊಳಕ್ಕೆ ಕರೆತರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ: ಮಗು ದಡದಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಸಮಯ ಹಾಳಾಯಿತೆಂದು ಗ್ಯಾಲರಿಯಿಂದ ಕೂಗಬೇಡಿ. ಅದು ಆಗಲೂ ಈಜುತ್ತಲೇ ಇದೆ.